ಜನಸಂದಣಿಯ ಹಿಂದೆ ನಿಂತ ಮಗಳು



ಸಂತ ಮಾರ್ಕನು ಬರೆದ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಹೆಸರಿಲ್ಲದ ಹೆಂಗಸೊಬ್ಬಳು ಬರುತ್ತಾಳೆ. ಹನ್ನೆರಡು ವರ್ಷಗಳಿಂದ ಆಕೆಗೆ ರಕ್ತಸ್ರಾವ. ಯೇಸುಸ್ವಾಮಿ ಯಾಯೀರನ ಮನೆಗೆ ಹೊರಟಿದ್ದಾರೆ. ದಾರಿಯ ತುಂಬ ನೂಕುನುಗ್ಗಲು. ಆಕೆ ಗುಂಪಿನಲ್ಲಿ ನುಸುಳಿ, ಹಿಂದಿನಿಂದ ಬಂದು, ಸ್ವಾಮಿಯ ಉಡುಪನ್ನು ಮುಟ್ಟಿ ಗುಣಹೊಂದುತ್ತಾಳೆ. ಬಲಿಪೂಜೆಯಲ್ಲಿ ಈ ವಾಚನವನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಕೇಳಿದಾಗಲೆಲ್ಲ ನಮ್ಮ ಮನಸ್ಸು ಅದ್ಭುತದ ಕಡೆಗೆ ಓಡುತ್ತದೆ. ಅದಕ್ಕೆ ಮೊದಲಿನ ಹನ್ನೆರಡು ವರ್ಷಗಳ ಬಳಿ ನಾವು ನಿಲ್ಲುವುದೇ ಇಲ್ಲ.

ಆ ಹನ್ನೆರಡು ವರ್ಷ ಆಕೆ ಹೇಗೆ ಬದುಕಿದಳು? ಬಟ್ಟೆಯನ್ನು ಯಾವ ಹೊತ್ತಿನಲ್ಲಿ ಒಗೆದಳು? ಯಾರೊಡನೆ ಹೇಳಿಕೊಂಡಳು? ಕೊನೆಗೆ ಸ್ವಾಮಿಯ ಬಳಿಗೆ ಬಂದಾಗಲೂ ಎದುರಿಗೆ ಬಾರದೆ ಹಿಂದಿನಿಂದ ಏಕೆ ಬಂದಳು?

ಈ ಪ್ರಶ್ನೆಗಳು ನನ್ನನ್ನು ಕಾಡತೊಡಗಿದ್ದು ಒಬ್ಬ ತಾಯಿಯ ದೆಸೆಯಿಂದ. ಆಕೆಯ ಮಗಳ ಒಪ್ಪಿಗೆ ಪಡೆದು, ಹೆಸರು ಊರು ಹೇಳದೆ, ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪಿನ ನಿವೇದನೆಯೂ ಇದೆ.

ಒಂಬತ್ತು ಬುಧವಾರಗಳು

ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರವೊಂದರಲ್ಲಿ ಐವತ್ತು ದಾಟಿದ ಆ ತಾಯಿ ಪ್ರತಿ ಭಾನುವಾರ ಮೊದಲ ಪೂಜೆಗೇ ಬರುತ್ತಿದ್ದರು. ಒಂದು ದಿನ ಪೂಜೆ ಮುಗಿದ ಮೇಲೆ ಎಲ್ಲರೂ ಹೋಗುವವರೆಗೆ ಕಾದಿದ್ದು, ಜಗಲಿಯಲ್ಲಿ ನನ್ನ ಬಳಿ ಬಂದರು.

“ಸ್ವಾಮಿ, ಮೈಯಲ್ಲಿ ಹುಷಾರಿಲ್ಲ. ನನಗೋಸ್ಕರ ಪ್ರಾರ್ಥನೆ ಮಾಡಿ.”

“ಏನಾಯಿತಮ್ಮ?” ಎಂದೆ.

“ಹೆಂಗಸರ ತೊಂದರೆ, ಸ್ವಾಮಿ” ಎಂದು ತಲೆ ತಗ್ಗಿಸಿದರು.

ನನಗೂ ಸಂಕೋಚವಾಯಿತು. ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದೆ. ನಿತ್ಯಾಧಾರ ಮಾತೆಯ ನೊವೆನಾ ಮಾಡಿ, ಎಲ್ಲ ಸರಿಹೋಗುತ್ತದೆ ಎಂದೆ. ಆಸ್ಪತ್ರೆಗೆ ಹೋಗಿದ್ದೀರಾ ಎಂದು ಕೇಳಲಿಲ್ಲ. ಆಕೆ ಒಂದು ಬುಧವಾರವನ್ನೂ ತಪ್ಪಿಸದೆ ಒಂಬತ್ತು ವಾರ ನೊವೆನಾ ಮುಗಿಸಿದರು. ಹನ್ನೊಂದು ತಿಂಗಳ ನಂತರ ವ್ಯಾಧಿಸ್ಥರ ಅಭ್ಯಂಗ ನೀಡಲು ನನಗೆ ಅವರ ಮನೆಯಿಂದ ಕರೆ ಬಂತು. ಗರ್ಭಕೋಶದ ಬಾಯಿಯಲ್ಲಿ ಹುಟ್ಟಿದ ಕ್ಯಾನ್ಸರ್ ಸುತ್ತಲೂ ಹರಡಿತ್ತು. ಕಾಲು ಊದಿತ್ತು. ಬೆನ್ನುನೋವಿನಿಂದ ರಾತ್ರಿ ನಿದ್ರೆಯಿರಲಿಲ್ಲ.

ಪವಿತ್ರ ತೈಲವನ್ನು ಹಚ್ಚಿ ಪಕ್ಕದಲ್ಲಿ ಕುಳಿತಾಗ ಆಕೆ ಮೆಲ್ಲಗೆ, “ಸ್ವಾಮಿ, ನಿಮ್ಮ ಹತ್ತಿರ ಅವತ್ತೇ ಹೇಳಿದ್ದೆನಲ್ಲ” ಎಂದರು. ಆ ದನಿಯಲ್ಲಿ ದೂರಿರಲಿಲ್ಲ. ಮಗುವಿನಂಥ ವಿಶ್ವಾಸವಿತ್ತು. ಆ ಮಾತು ಇಂದಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ.

ಆಕೆ ಏಕೆ ತಡಮಾಡಿದರು?

ಅನಂತರ ವಾರಕ್ಕೊಮ್ಮೆ ಪರಮಪ್ರಸಾದ ತೆಗೆದುಕೊಂಡು ಹೋಗುತ್ತಿದ್ದೆ. ಆ ಭೇಟಿಗಳಲ್ಲಿ ಆಕೆ ಒಂದೊಂದಾಗಿ ಎಲ್ಲವನ್ನೂ ಹೇಳಿದರು.

ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಮತ್ತೆ ರಕ್ತ ಕಂಡಿತು. ಪಕ್ಕದ ಮನೆಯವರು, “ಈ ವಯಸ್ಸಿನಲ್ಲಿ ಹೀಗೆ ಬಂದು ಹೋಗುತ್ತದೆ” ಎಂದರು. ವಾಸನೆಯಿಂದ ಕೂಡಿದ ಬಿಳಿ ಸೆರಗು ಹೋಗತೊಡಗಿದಾಗ ಉಷ್ಣವೆಂದು ಭಾವಿಸಿ ಮೆಂತ್ಯ ನೆನೆಸಿದ ನೀರು ಕುಡಿದರು. ನೋವಿದ್ದರೆ ತಾನೇ ಕಾಯಿಲೆ? ಮೊದಲು ನೋವೇ ಇರಲಿಲ್ಲ.

ಎರಡನೆಯದು ನಾಚಿಕೆ. ಹತ್ತಿರದ ಪಟ್ಟಣದ ವೈದ್ಯರು ಗಂಡಸರು. ಮೂವತ್ತು ವರ್ಷ ಜೊತೆಗೆ ಬಾಳಿದ ಗಂಡನಿಗೂ ಆಕೆ ಹೇಳಿರಲಿಲ್ಲ. ಬಟ್ಟೆಯನ್ನು ಎಲ್ಲರೂ ಮಲಗಿದ ಮೇಲೆ ಒಗೆದು, ಸೀರೆಯ ಅಡಿಯಲ್ಲಿ ಒಣಗಿಸುತ್ತಿದ್ದರು.

ಮೂರನೆಯದು ಮನೆ. ಮಗಳ ಮದುವೆ ಗೊತ್ತಾಗಿತ್ತು. “ಮದುವೆ ಮುಗಿಯಲಿ” ಎಂದುಕೊಂಡರು. ಮದುವೆ ಮುಗಿಯಿತು. “ಸಾಲ ತೀರಲಿ” ಎಂದುಕೊಂಡರು. ನಮ್ಮ ಮನೆಗಳಲ್ಲಿ ತಾಯಿಯ ಸರದಿ ಬರುವುದು ಎಲ್ಲರದೂ ಆದ ಮೇಲೆ, ಅನ್ನದ ಪಾತ್ರೆಯಲ್ಲಾದರೂ ಅಷ್ಟೆ, ಆಸ್ಪತ್ರೆಯಲ್ಲಾದರೂ ಅಷ್ಟೆ.

ನಾಲ್ಕನೆಯದು ಭಯ. ಆ ರೋಗದ ಹೆಸರು ಆಕೆಯ ಮನಸ್ಸಿಗೆ ಎಂದೋ ಬಂದಿತ್ತು. ಹೋದರೆ ಅದೇ ಎಂದು ಹೇಳಿಬಿಟ್ಟಾರು, ಗರ್ಭಕೋಶ ತೆಗೆಯಬೇಕೆಂದಾರು. ಹೋಗದಿದ್ದರೆ ಅದಲ್ಲವೆಂದು ನಂಬಿಕೊಂಡು ಇನ್ನೊಂದು ತಿಂಗಳು ಕಳೆಯಬಹುದು.

ಐದನೆಯದನ್ನು ಕೇಳಿ ನಾನು ತಲೆ ತಗ್ಗಿಸಿದೆ. “ದೇವರು ಕೊಟ್ಟ ಶಿಲುಬೆ, ಹೊರಬೇಕು ಎಂದು ನೀವೇ ಪ್ರಸಂಗದಲ್ಲಿ ಹೇಳಿದ್ದೀರಲ್ಲ ಸ್ವಾಮಿ” ಎಂದರು.

ಇಷ್ಟೆಲ್ಲ ಇದ್ದರೂ ಆಕೆ ಒಮ್ಮೆ ಧೈರ್ಯ ಮಾಡಿ ಕ್ಲಿನಿಕ್ಕೊಂದಕ್ಕೆ ಹೋಗಿದ್ದರು. ಅಲ್ಲಿ ಒಳಗಿನ ಪರೀಕ್ಷೆ ಮಾಡಲಿಲ್ಲ. ರಕ್ತ ಕಡಿಮೆಯೆಂದು ಟಾನಿಕ್ಕು, ಮಾತ್ರೆ ಕೊಟ್ಟು ಕಳುಹಿಸಿದರು. ಶುಭಸಂದೇಶದ ಆ ಹೆಂಗಸೂ ಅನೇಕ ವೈದ್ಯರ ಬಳಿ ಹೋಗಿ, ಇದ್ದುದೆಲ್ಲವನ್ನೂ ಕಳೆದುಕೊಂಡು, ಇನ್ನಷ್ಟು ಹದಗೆಟ್ಟಿದ್ದಳೆಂದು ಮಾರ್ಕನು ಬರೆಯುತ್ತಾನೆ. ಆದುದರಿಂದ “ಮೊದಲೇ ಏಕೆ ಬರಲಿಲ್ಲ?” ಎಂದು ಹೆಂಗಸರನ್ನೇ ಗದರಿಸುವವರು ಸ್ವಲ್ಪ ಯೋಚಿಸಬೇಕು. ಆಕೆ ಬಂದಿದ್ದಳು. ನನ್ನ ಬಳಿಗೂ ಬಂದಿದ್ದಳು.

ಹಾಗಾದರೆ ಆಕೆ ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದದ್ದು ಹೇಗೆ? ಬಾಣಂತನಕ್ಕೆ ತವರಿಗೆ ಬಂದ ಮಗಳು ಹಾಸಿಗೆಯ ಮೇಲಿನ ಕಲೆಯನ್ನು ಕಂಡಳು. ಬಾಗಿಲು ಹಾಕಿ, ತಾಯಿಯ ಪಕ್ಕದಲ್ಲಿ ಕುಳಿತು, “ಅಮ್ಮಾ, ಎಷ್ಟು ದಿನದಿಂದ?” ಎಂದು ಕೇಳಿದಳು. ಅಷ್ಟೇ. ಅದುವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಮೈ ಕೊಡುವ ಸೂಚನೆಗಳು

ಪ್ರಿಯ ತಾಯಂದಿರೇ, ಸಂಕೋಚ ಬಿಟ್ಟು ಬರೆಯುತ್ತೇನೆ. ನೀವೂ ಸಂಕೋಚ ಬಿಟ್ಟು ಓದಿರಿ.

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಒಂದು ಹನಿಯಾದರೂ, ವೈದ್ಯರಿಗೆ ತೋರಿಸಬೇಕು. ಹೀಗೆ ಕಾಣಿಸಿಕೊಂಡ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಆ ಹತ್ತನೆಯವರು ಯಾರೆಂದು ಪರೀಕ್ಷೆಯಿಲ್ಲದೆ ತಿಳಿಯದು. ಎರಡು ಮುಟ್ಟಿನ ನಡುವೆ ರಕ್ತ, ದಂಪತಿಗಳು ಕೂಡಿದ ಮೇಲೆ ರಕ್ತ, ದುರ್ವಾಸನೆಯ ಅಥವಾ ರಕ್ತ ಬೆರೆತ ಬಿಳಿ ಸೆರಗು, ಬಿಡದೆ ಕಾಡುವ ಕಿಬ್ಬೊಟ್ಟೆಯ ನೋವು, ಇವನ್ನೂ ಕಡೆಗಣಿಸಬಾರದು. ಅಂಡಾಶಯದ ಕ್ಯಾನ್ಸರ್ ಇನ್ನೂ ಕಳ್ಳತನದಿಂದ ಬರುತ್ತದೆ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಪದೇಪದೇ ಮೂತ್ರಕ್ಕೆ ಅವಸರವಾಗುವುದು ವಾರಗಟ್ಟಲೆ ಇದ್ದರೆ ಗ್ಯಾಸೆಂದು ಸೋಡ ಕುಡಿದು ಸುಮ್ಮನಾಗಬೇಡಿರಿ.

ಗರ್ಭಕೋಶದ ಬಾಯಿಯ ಕ್ಯಾನ್ಸರ್ ನಮ್ಮ ದೇಶದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಆ ವರ್ಷ ಭಾರತದಲ್ಲಿ ಸುಮಾರು 1,27,000 ಮಂದಿಗೆ ಅದು ಹೊಸದಾಗಿ ಬಂದಿತು. ಸುಮಾರು 80,000 ಮಂದಿ ಅದರಿಂದ ತೀರಿಕೊಂಡರು. ದುಃಖದ ಸಂಗತಿಯೆಂದರೆ, ಇಷ್ಟು ಕಾಲಾವಕಾಶ ಕೊಡುವ ಕ್ಯಾನ್ಸರುಗಳು ವಿರಳ. ಆರೋಗ್ಯವಂತ ಮಹಿಳೆಯಲ್ಲಿ ಸೋಂಕು ತಗಲಿ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಕಂಡುಹಿಡಿದರೆ, ಕೆಟ್ಟ ಭಾಗವನ್ನು ಶೀತದಿಂದಲೋ ಶಾಖದಿಂದಲೋ ಕೆಲವೇ ನಿಮಿಷಗಳಲ್ಲಿ ಸುಟ್ಟು, ಅದೇ ದಿನ ಮನೆಗೆ ಕಳುಹಿಸಬಹುದು. ಹೆಚ್ಚಿನವರಿಗೆ ಗರ್ಭಕೋಶ ತೆಗೆಯುವ ಪ್ರಮೇಯವೇ ಬರುವುದಿಲ್ಲ.

ಪರೀಕ್ಷೆಯೂ ದೊಡ್ಡದಲ್ಲ. ವಿನೆಗರ್‌ನಂಥ ಹುಳಿ ದ್ರಾವಣವನ್ನು ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಮಚ್ಚೆ ಮೂಡುತ್ತದೆಯೇ ಎಂದು ನೋಡುವುದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಅಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರ ನಡುವೆ ಆರಂಭಿಸಿದ ಅಧ್ಯಯನದ ಫಲಿತಾಂಶ 2013ರಲ್ಲಿ ಹೊರಬಂತು. ಎರಡು ವರ್ಷಕ್ಕೊಮ್ಮೆ ಹೀಗೆ ಪರೀಕ್ಷೆಗೆ ಕರೆದವರಲ್ಲಿ ಈ ಕ್ಯಾನ್ಸರಿನ ಸಾವು ಶೇಕಡ 31ರಷ್ಟು ಕಡಿಮೆಯಾಗಿತ್ತು. ಪರೀಕ್ಷಿಸಿದವರು ಯಾರು ಗೊತ್ತೇ? ಹತ್ತನೆಯ ತರಗತಿ ಓದಿ, ನಾಲ್ಕು ವಾರ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು!

ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಈ ಪರೀಕ್ಷೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು 30ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಇಬ್ಬರಿಗಿಂತ ಕಡಿಮೆ. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಬೇಕೆಂಬ ಏರ್ಪಾಡಿದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ. ಖರ್ಚಿನ ಚಿಂತೆಯಿರುವ ಕುಟುಂಬಗಳು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನೂ ತಿಳಿದಿರಲಿ. 2018ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ವೆಚ್ಚ ದೊರೆಯುತ್ತದೆ.

ನಡತೆಯ ಮೇಲೆ ಕಲ್ಲು ಎಸೆಯದಿರೋಣ

ಇನ್ನೊಂದು ಮಾತನ್ನು ಹೇಳದೆ ವಿಧಿಯಿಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಮೂಲ ಎಚ್.ಪಿ.ವಿ. ಎಂಬ ವೈರಾಣು. ಇದನ್ನು ಕಂಡುಹಿಡಿದ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಇದು ದೇಹಸಂಬಂಧದಿಂದ ಹರಡುತ್ತದೆಂದು ತಿಳಿದ ಕೂಡಲೇ ಕೆಲವರು ರೋಗಿಯ ನಡತೆಯನ್ನು ಶಂಕಿಸುತ್ತಾರೆ. ಆ ಮಾತಿಗೆ ಹೆದರಿಯೇ ಎಷ್ಟೋ ಹೆಂಗಸರು ಬಾಯಿ ಬಿಡುವುದಿಲ್ಲ.

ಇದು ಅನ್ಯಾಯ. ಈ ವೈರಾಣು ಅತ್ಯಂತ ಸಾಮಾನ್ಯವಾದುದು. ಬಹುಪಾಲು ಜನರಿಗೆ ಒಮ್ಮೆಯಲ್ಲ ಒಮ್ಮೆ ತಗಲಿ, ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದು ಕೇಡು ಮಾಡುತ್ತದೆ. ಗಂಡನಿಗೆ ನಿಷ್ಠಳಾಗಿ ಬಾಳಿದ ಹೆಣ್ಣಿಗೂ ಇದು ಬರುತ್ತದೆ. ಎಂದು, ಯಾರಿಂದ ಬಂತೆಂದು ವೈದ್ಯರೂ ಹೇಳಲಾರರು. ಗರ್ಭಕೋಶದ ಒಳಪದರದ ಮತ್ತು ಅಂಡಾಶಯದ ಕ್ಯಾನ್ಸರುಗಳಿಗಂತೂ ಈ ವೈರಾಣುವಿನ ಸಂಬಂಧವೇ ಇಲ್ಲ. ಮಕ್ಕಳನ್ನು ಹೆರದವರಲ್ಲಿ ಅವುಗಳ ಅಪಾಯ ತುಸು ಹೆಚ್ಚು. ಆದುದರಿಂದ ನಮ್ಮ ಕನ್ಯಾಮಠಗಳ ಧರ್ಮಭಗಿನಿಯರೂ ಈ ಸೂಚನೆಗಳನ್ನು ಓದಿಕೊಳ್ಳಲಿ. ತಮಗೆ ಇದು ಸಂಬಂಧಿಸಿದ್ದಲ್ಲವೆಂದು ಪುಟ ತಿರುವದಿರಲಿ.

ಹೆಣ್ಣುಮಕ್ಕಳಿರುವ ತಂದೆತಾಯಂದಿರು ಇದನ್ನೂ ಗಮನಿಸಲಿ. ಈ ವೈರಾಣುವಿಗೆ ಲಸಿಕೆಯಿದೆ. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಹೆಚ್ಚು ಫಲ. ಪುಣೆಯಲ್ಲಿ ತಯಾರಾದ ಭಾರತೀಯ ಲಸಿಕೆ 2023ರಲ್ಲಿ ಬಿಡುಗಡೆಯಾಯಿತು. ಲಸಿಕೆ ಹಾಕಿಸುವುದು ಮಗಳ ಮೇಲಿನ ಅಪನಂಬಿಕೆಯಲ್ಲ. ಪೋಲಿಯೋ ಹನಿ ಹಾಕಿಸಿದಾಗ ಇದ್ದ ಅಕ್ಕರೆಯೇ ಇದು.

ವಿಶ್ವಾಸ ಬೇರೆಯಲ್ಲ, ವೈದ್ಯ ಬೇರೆಯಲ್ಲ

“ಪ್ರಾರ್ಥನೆ ಸಾಲದೇ ಸ್ವಾಮಿ?” ಎಂದು ಕೇಳುವವರಿದ್ದಾರೆ. ಪ್ರಾರ್ಥಿಸಿರಿ, ಬಿಡದೆ ಪ್ರಾರ್ಥಿಸಿರಿ. ಆದರೆ ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನೂ ತೆರೆದು ನೋಡಿರಿ. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಸೃಷ್ಟಿಸಿದ್ದಾರೆ, ಮದ್ದು ಮಣ್ಣಿನಿಂದ ಬಂದರೂ ದೇವರ ಕೊಡುಗೆ ಎಂಬುದೇ ಅಲ್ಲಿನ ಬೋಧನೆ. ರೋಗಿಯು ಪ್ರಾರ್ಥಿಸಬೇಕು, ವೈದ್ಯನಿಗೂ ಎಡೆಕೊಡಬೇಕು ಎಂದು ಎರಡನ್ನೂ ಒಟ್ಟಿಗೇ ಹೇಳಿದೆ. ಲೂರ್ದು ಮಾತೆಯ ಪುಣ್ಯಕ್ಷೇತ್ರದಲ್ಲಿಯೇ 1883ರಿಂದ ವೈದ್ಯರ ಕಚೇರಿಯೊಂದಿದೆ. ಗುಣವಾಯಿತೆಂದು ಬಂದವರನ್ನು ವೈದ್ಯರು ಪರೀಕ್ಷಿಸದೆ ಅಲ್ಲಿ ಅದ್ಭುತವೆಂದು ಸಾರುವುದಿಲ್ಲ. ಅದ್ಭುತಗಳ ತಾಣದಲ್ಲೇ ವೈದ್ಯರಿಗೆ ಸ್ಥಾನವಿರುವಾಗ ನಮ್ಮ ನೊವೆನಾದ ಪಕ್ಕದಲ್ಲಿ ಏಕಿರಬಾರದು?

ಶಿಲುಬೆಯ ಮಾತು ಹೇಳುವವರು ಸಂತ ಜಿಯಾನ್ನಾ ಬೆರೆಟ್ಟಾ ಮೊಲ್ಲಾರನ್ನು ನೆನೆಯುತ್ತಾರೆ. ಇಟಲಿಯ ಈ ತಾಯಿ ಸ್ವತಃ ಮಕ್ಕಳ ವೈದ್ಯೆ. 1961ರಲ್ಲಿ ನಾಲ್ಕನೆಯ ಮಗುವಿನ ಬಸಿರಿನಲ್ಲಿದ್ದಾಗ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿತು. ಅದು ಕ್ಯಾನ್ಸರ್ ಆಗಿರಲಿಲ್ಲ. ಮಗುವನ್ನು ಉಳಿಸಿಕೊಂಡೇ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಮಗು ಹುಟ್ಟಿ ಒಂದು ವಾರಕ್ಕೆ, 1962ರ ಏಪ್ರಿಲ್ 28ರಂದು, ಪ್ರಭುವಿನಲ್ಲಿ ನಿದ್ರಿಸಿದರು. 2004ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಗಮನಿಸಿರಿ, ಆಕೆ ತನ್ನ ಕಾಯಿಲೆಯನ್ನು ಮುಚ್ಚಿಡಲಿಲ್ಲ. ವೈದ್ಯರ ಮುಂದೆ ಇಟ್ಟರು, ತನ್ನ ಮನಸ್ಸನ್ನು ಬಾಯಿಬಿಟ್ಟು ಹೇಳಿದರು. ಆಕೆ ಪ್ರಾಣವನ್ನು ಪಣವಿಟ್ಟದ್ದು ಮಗುವಿಗಾಗಿ, ನಾಚಿಕೆಗಾಗಿ ಅಲ್ಲ. ಬಾರದ ಶಿಲುಬೆಯನ್ನು ನಾವೇ ಹುಡುಕಿ ಹೊರಬೇಕೆಂದು ಪ್ರಭು ಎಲ್ಲಿಯೂ ಕೇಳಿಲ್ಲ.

ಹಾಗೆಯೇ ವ್ಯಾಧಿಸ್ಥರ ಅಭ್ಯಂಗ ಸಾಯುವವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆಯನ್ನೂ ಬಿಡೋಣ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ. ಶಸ್ತ್ರಕ್ರಿಯೆಗೆ ಹೋಗುವ ಮುನ್ನ ಬಂದು ಈ ಸಂಸ್ಕಾರ ಪಡೆಯಿರಿ. ಬಲ ಹೊಂದಿ ಹೋಗಿರಿ.

ಸ್ವಾಮಿ ನಿಂತರು

ಈಗ ಮತ್ತೆ ಆ ದಾರಿಗೆ ಬರೋಣ. ಯಾಯೀರನ ಹನ್ನೆರಡು ವರ್ಷದ ಮಗಳು ಸಾಯುತ್ತಿದ್ದಾಳೆ. ಒಂದೊಂದು ನಿಮಿಷವೂ ಬೆಲೆಯುಳ್ಳದ್ದು. ಅಂಥ ಅವಸರದಲ್ಲಿ ಯೇಸುಸ್ವಾಮಿ ನಿಂತುಬಿಟ್ಟರು. ತಮ್ಮ ಉಡುಪನ್ನು ಮುಟ್ಟಿದ್ದು ಯಾರೆಂದು ಕೇಳಿದರು. ಇಷ್ಟು ಜನರ ನಡುವೆ ಇದೆಂಥ ಪ್ರಶ್ನೆಯೆಂದು ಶಿಷ್ಯರಿಗೆ ಆಶ್ಚರ್ಯ. ಸ್ವಾಮಿ ಹೊರಡಲಿಲ್ಲ, ಸುತ್ತಲೂ ನೋಡುತ್ತ ಕಾದರು. ಆಕೆ ನಡುಗುತ್ತ ಬಂದು ಪಾದಕ್ಕೆ ಬಿದ್ದು ಇದ್ದುದನ್ನೆಲ್ಲ ಹೇಳಿದಳು.

ಯಾಜಕಕಾಂಡದ ನಿಯಮದಂತೆ ಆಕೆ ಅಶುದ್ಧಳು, ಮುಟ್ಟಬಾರದವಳು. ಆಕೆ ಹಿಂದಿನಿಂದ ಬಂದದ್ದು ಅದಕ್ಕಾಗಿಯೇ. ಸ್ವಾಮಿ ಅಶುದ್ಧಿಯ ಮಾತನ್ನೇ ಎತ್ತಲಿಲ್ಲ. ತಡವೇಕಾಯಿತೆಂದು ಗದರಿಸಲಿಲ್ಲ. ಮಗಳೇ ಎಂದು ಕರೆದರು. ನಾಲ್ಕು ಶುಭಸಂದೇಶಗಳಲ್ಲಿ ಅವರು ಒಬ್ಬ ಹೆಂಗಸನ್ನು ಹೀಗೆ ನೇರವಾಗಿ ಕರೆದದ್ದು ಇದೊಂದೇ ಕಡೆ. ಯಾಯೀರನಿಗೆ ಮನೆಯಲ್ಲಿ ಮಗಳಿದ್ದಂತೆ, ಜನಸಂದಣಿಯ ಹಿಂದೆ ನಿಂತ ಈಕೆಯೂ ಯಾರದೋ ಮಗಳು, ತನ್ನ ಮಗಳು ಎಂದು ಎಲ್ಲರ ಮುಂದೆ ತೋರಿಸಿಕೊಟ್ಟರು.

ಪ್ರಿಯರೇ, ಈ ದೃಶ್ಯದಲ್ಲಿ ನಮ್ಮ ಸ್ಥಾನ ಎಲ್ಲಿ? ಗಂಡಂದಿರೇ, ನಿಮ್ಮ ಹೆಂಡತಿ ಇತ್ತೀಚೆಗೆ ಸುಸ್ತೆಂದು ಗೋಡೆಗೆ ಒರಗುವುದನ್ನು ಕಂಡಿದ್ದೀರಾ? ನಿಂತು ಕೇಳಿರಿ. ಹೇಳಲು ಆಕೆಗೆ ಹೊತ್ತು ಹಿಡಿದರೆ ಕಾದಿರಿ. ಆಸ್ಪತ್ರೆಗೆ ಹೋಗುವ ದಿನ ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಹೋಗಿರಿ. ಗಂಡುಮಕ್ಕಳೇ, ಇದು ಹೆಂಗಸರ ವಿಷಯವೆಂದು ಎದ್ದು ಹೋಗಬೇಡಿರಿ. ಹೆಣ್ಣುಮಕ್ಕಳೇ, ಸೊಸೆಯಂದಿರೇ, ಅಮ್ಮನನ್ನೂ ಅತ್ತೆಯನ್ನೂ ಬಾಗಿಲು ಹಾಕಿ ಕೇಳಿರಿ. ಮಾತೆಯರ ಸಂಘದವರೇ, ಒಬ್ಬರನ್ನು ಕಳುಹಿಸುವ ಬದಲು ನಾಲ್ವರು ಕೂಡಿ ಪರೀಕ್ಷೆಗೆ ಹೋಗಿರಿ. ಒಬ್ಬಳಿಗೆ ನಾಚಿಕೆಯಾಗುವ ಕಡೆಗೆ ನಾಲ್ವರು ಮಾತಾಡುತ್ತ ಹೋಗಿಬರಬಹುದು. ಗುರುಗಳಾದ ನಾವು ತಲೆಯ ಮೇಲೆ ಕೈಯಿಡುವ ಮೊದಲು, ವೈದ್ಯರಿಗೆ ತೋರಿಸಿದಿರಾ ಎಂದು ಕೇಳಲು ಕಲಿಯೋಣ.

ಈಗ ಯಾರಾದರೂ ಬಂದು ಹುಷಾರಿಲ್ಲವೆಂದರೆ ನಾನು ಆ ಪ್ರಶ್ನೆ ಕೇಳುತ್ತೇನೆ. ಅವರು ತಲೆ ತಗ್ಗಿಸಿದರೆ, ಸೋದರಿಯರೊಬ್ಬರ ಜೊತೆ ಮಾತಾಡುವಂತೆ ಹೇಳಿ ಅಲ್ಲಿಯೇ ಕರೆಸುತ್ತೇನೆ. ನೊವೆನಾ ಅನಂತರವೂ ನಡೆಯುತ್ತದೆ.

ಆ ತಾಯಿ ತಪಸ್ಸುಕಾಲದ ಮೂರನೆಯ ವಾರ ಪ್ರಭುವಿನ ಸನ್ನಿಧಿಗೆ ಹೋದರು. ನಲವತ್ತನೆಯ ದಿನದ ಪೂಜೆಯ ನಂತರ ಅವರ ಮಗಳು ನನ್ನ ಬಳಿಗೆ ಬಂದು, ಊರಿನ ಆರು ಮಂದಿ ಹೆಂಗಸರನ್ನು ಕರೆದುಕೊಂಡು ತಾನೂ ಪರೀಕ್ಷೆ ಮಾಡಿಸಿಕೊಂಡು ಬಂದುದಾಗಿ ತಿಳಿಸಿದಳು. ಅಮ್ಮನ ಹೆಸರಿನಲ್ಲಿ ಇದಕ್ಕಿಂತ ದೊಡ್ಡ ಪೂಜೆ ನಾನು ಸಲ್ಲಿಸಲಾರೆ ಎಂದುಕೊಂಡೆ.

ಪ್ರಾರ್ಥಿಸೋಣ: ಕರುಣಾಮಯ ಪ್ರಭುವೇ, ಹಿಂದಿನಿಂದ ಬಂದು ಮುಟ್ಟಿದವಳಿಗಾಗಿ ನೀವು ದಾರಿಯಲ್ಲಿ ನಿಂತಿರಿ. ನಮ್ಮ ಮನೆಗಳಲ್ಲಿ ಮೌನವಾಗಿ ನರಳುವ ತಾಯಂದಿರಿಗೆ ಬಾಯಿಬಿಡುವ ಧೈರ್ಯವನ್ನು ಕೊಡಿರಿ. ನಮಗೆ ನಿಂತು ಕೇಳುವ ತಾಳ್ಮೆಯನ್ನು ಕೊಡಿರಿ. ವೈದ್ಯರ, ದಾದಿಯರ ಕೈಗಳನ್ನು ಆಶೀರ್ವದಿಸಿರಿ. ವ್ಯಾಧಿಸ್ಥರ ಆರೋಗ್ಯವಾದ ಮರಿಯಮ್ಮನವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.